ನೀಲಗಿರಿಯ ಕರಿಗೆಸರು

ಚಾಮರಾಜನಗರದ ಪಾರ್ಶ್ವನಾಥ ಬಸದಿಯಲ್ಲಿ 1117ನೇ ಇಸವಿಯ ಶಾಸನವೊಂದಿದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸ ತೊದವರನ್ನು ಹೆದರಿಸಿದ, ಕೊಂಗರನ್ನು ಅಡಗಿಸಿದ, ನೀಲಾದ್ರಿಯನ್ನು ಹೊಕ್ಕು ಅದರ ನೆತ್ತಿಯನ್ನು ಜಯಲಕ್ಷ್ಮಿಗೆ ಒಪ್ಪಿಸಿದ ಎಂದು ಅದು ಕೊಂಡಾಡುತ್ತದೆ. ನೀಲಗಿರಿಯೂ ಅಲ್ಲಿ ಎಮ್ಮೆ ಕಾಯುವ ತೊದವರೂ ಬರವಣಿಗೆಯಲ್ಲಿ ಒಟ್ಟಿಗೆ ಕಾಣಿಸಿಕೊಂಡದ್ದು ಇಲ್ಲಿಯೇ ಮೊದಲು ಎಂದು ಚರಿತ್ರಕಾರರು ಎಣಿಸುತ್ತಾರೆ. ಆ ಬೆಟ್ಟ ಲಿಖಿತ ಚರಿತ್ರೆಗೆ ಇಳಿದು ಬಂದದ್ದು ಕನ್ನಡ ನಾಡಿನ ಕಲ್ಲಿನ ಮೂಲಕ.

ಶಾಸನ ಗೆದ್ದವನ ಹೆಸರು ಹೇಳಿ ಮುಗಿಸುತ್ತದೆ. ಪಡೆ ಹತ್ತಿದ ಬೆಟ್ಟದ ಮೇಲೆ ಯಾವ ಹುಲ್ಲು ಬೆಳೆದಿತ್ತು, ಮಳೆ ಹೇಗಿತ್ತು, ಕಾಡು ಎಲ್ಲಿಯವರೆಗೆ ಇತ್ತು ಎಂಬ ಮಾತು ಅದರಲ್ಲಿಲ್ಲ. ಆ ಮಾತೆಲ್ಲ ಇರುವುದು ಅದೇ ಬೆಟ್ಟದ ಕಣಿವೆಗಳ ತಳದಲ್ಲಿ, ಕಾಲಿಟ್ಟರೆ ಹೂತುಹೋಗುವ ಕಪ್ಪು ಕೆಸರಿನಲ್ಲಿ. ಪುಣಿಸನ ಕಾಲದ ಪದರ ಅಲ್ಲಿ ತೀರಾ ಮೇಲಿನದು. ಅದರ ಕೆಳಗೆ ಸುಮಾರು ನಲವತ್ತು ಸಾವಿರ ವರ್ಷ ಹಿಂದಿನವರೆಗೂ ಪದರಗಳಿವೆ. ಭಾರತದಂಥ ಬಿಸಿ ನಾಡಿನಲ್ಲಿ ಇಷ್ಟು ಹಳೆಯ ಸಸ್ಯಾವಶೇಷ ಕೊಳೆಯದೆ ಉಳಿದಿರುವ ಜಾಗಗಳು ಬಹಳ ಕಡಿಮೆ. ಇದ್ದ ಕೆಲವನ್ನೂ ಕಳೆದ ಇನ್ನೂರು ವರ್ಷಗಳಲ್ಲಿ ನಾವು ನಡೆಸಿಕೊಂಡ ರೀತಿ ಎಲ್ಲರಿಗೂ ಗೊತ್ತಾಗಬೇಕಾದ ಚರಿತ್ರೆ.

ಈ ಕೆಸರಿಗೆ ಪೀಟ್ ಎನ್ನುತ್ತಾರೆ. ಅದು ಮಣ್ಣಲ್ಲ, ಅರೆಕೊಳೆತ ಗಿಡ. ನೀಲಗಿರಿಯ ಮೇಲಿನ ಬಯಲು ಸಮುದ್ರಮಟ್ಟಕ್ಕಿಂತ ಎರಡು ಸಾವಿರ ಮೀಟರಿಗೂ ಎತ್ತರದಲ್ಲಿದೆ. ದೊಡ್ಡಬೆಟ್ಟ 2,637 ಮೀಟರ್. ಅಲ್ಲಿ ಗುಡ್ಡಗಳು ಬೋಳಾಗಿ, ದುಂಡಗೆ, ಹುಲ್ಲು ಹೊದ್ದುಕೊಂಡಿರುತ್ತವೆ. ಗಾಳಿ ಮರೆಯಾದ ಮಡಿಕೆಗಳಲ್ಲಿ ಗಿಡ್ಡ ಮರಗಳ ಶೋಲಾ ಕಾಡು. ಎರಡರ ನಡುವೆ, ಇಳಿಜಾರು ಮುಗಿದು ನೀರು ನಿಲ್ಲುವಲ್ಲಿ, ಜೊಂಡು ಆಪು ಬೆಳೆದ ಜೌಗು. ಚಳಿಗಾಲದಲ್ಲಿ ಇಬ್ಬನಿ ಹೆಪ್ಪುಗಟ್ಟುವುದು ಮೊದಲು ಈ ತಗ್ಗುಗಳಲ್ಲೇ. ವರ್ಷವಿಡೀ ನೀರು ತುಂಬಿದ್ದರಿಂದ ಸತ್ತ ಹುಲ್ಲಿಗೆ ಗಾಳಿ ಸೋಕುವುದಿಲ್ಲ; ಎಣ್ಣೆಯಲ್ಲಿ ಮುಳುಗಿದ ಉಪ್ಪಿನಕಾಯಿ ಕೆಡದೆ ಉಳಿಯುವ ಹಾಗೆ ಅದು ಉಳಿಯುತ್ತದೆ. ಅದರ ಮೇಲೆ ಮರುವರ್ಷದ ಹುಲ್ಲು, ಅದರ ಮೇಲೆ ಮತ್ತೊಂದು. ಪದರ ಏರುವುದು ಬಹಳ ನಿಧಾನ. ಕೆಲವೇ ಮೀಟರ್ ಆಳದಲ್ಲಿ ಹತ್ತಾರು ಸಾವಿರ ವರ್ಷ ಅಡಗಿದೆ ಎಂದರೆ, ಗುದ್ದಲಿಯ ಒಂದು ಏಟಿಗೆ ಎಷ್ಟು ಶತಮಾನ ಮೇಲೆ ಬರುತ್ತದೆಂದು ನೀವೇ ಲೆಕ್ಕ ಹಾಕಿ. ನೀರು ಬಸಿದುಹೋದರೆ ಗಾಳಿ ಒಳನುಗ್ಗಿ ಕೊಳೆತ ಶುರುವಾಗುತ್ತದೆ. ಅಷ್ಟು ಕಾಲ ಹಿಡಿದಿಟ್ಟ ಇಂಗಾಲ ಹೊಗೆಯಿಲ್ಲದೆ, ಸದ್ದಿಲ್ಲದೆ ಗಾಳಿಗೆ ಸೇರುತ್ತದೆ.

ಈ ಜೌಗನ್ನು ಇಷ್ಟು ಕಾಲ ಕಾದವರು ಅದನ್ನು ಕಾಯುತ್ತಿದ್ದೇವೆಂದು ಎಲ್ಲೂ ಬರೆದಿಡಲಿಲ್ಲ. ತೊದವರ ಬದುಕು ನಿಂತದ್ದು ಎಮ್ಮೆಯ ಮೇಲೆ. ಹಾಲು ಕಡೆಯುವ ಮನೆಯೇ ಅವರ ಗುಡಿ, ಕಡೆಯುವವನೇ ಪೂಜಾರಿ. ಎಮ್ಮೆಗೆ ಮೇವೂ ಬೇಕು, ಕೆಸರೂ ಬೇಕು. ಹುಲ್ಲುಗುಡ್ಡ ಮತ್ತು ಜೌಗು ಎರಡೂ ಇರುವ ಜಾಗದಲ್ಲೇ ಅವರ ಹಟ್ಟಿಗಳಾದ ಮಂದ್‌ಗಳು ಎದ್ದವು. ಅವರ ಗುಡಿಯನ್ನು ನೋಡಿದವರಿಗೆ ಮೊದಲು ಕಣ್ಣಿಗೆ ಬೀಳುವುದು ಕಮಾನಿನಂತೆ ಬಾಗಿ ನೆಲಕ್ಕೆ ಇಳಿಯುವ ಸೂರು. ಬಿದಿರು ಬೆತ್ತ ಬಗ್ಗಿಸಿ ಕಟ್ಟಿದ ಆ ಚೌಕಟ್ಟಿನ ಮೇಲೆ ಹೊದಿಸುವ ಹುಲ್ಲು ಯಾವುದೋ ಒಂದಾದರೆ ಆಗುವುದಿಲ್ಲ. ಸಸ್ಯಶಾಸ್ತ್ರದಲ್ಲಿ ಎರಿಯೋಕ್ರೈಸಿಸ್ ರಂಗಾಚಾರಿ ಎಂದು ಹೆಸರಾದ ಹುಲ್ಲೇ ಬೇಕು, ಅದು ಬೆಳೆಯುವುದು ಮೇಲಿನ ನೀಲಗಿರಿಯ ಜೌಗಿನಲ್ಲಿ. ತೊದವರ ಸಸ್ಯಜ್ಞಾನವನ್ನು ದಶಕಗಳಿಂದ ದಾಖಲಿಸುತ್ತ ಬಂದಿರುವ ಊಟಿಯ ತರುಣ್ ಛಾಬ್ರಾ ಈ ಹುಲ್ಲು ಅಪರೂಪವಾಗುತ್ತಿರುವುದನ್ನು ಮತ್ತೆ ಮತ್ತೆ ಎತ್ತಿ ಹೇಳಿದ್ದಾರೆ. ಸೂರಿಗೆ ಹೊಸ ಹುಲ್ಲು ಹೊದಿಸಬೇಕಾದಾಗ ಜೌಗು ಇರಲೇಬೇಕು. ಜೌಗು ಬತ್ತಿದರೆ ಅವರ ದೇವರಿಗೆ ಸೂರಿಲ್ಲ. ಅದನ್ನು ಉಳಿಸಿಕೊಳ್ಳಲು ಅವರಿಗೆ ಇದಕ್ಕಿಂತ ದೊಡ್ಡ ಕಾರಣ ಬೇಕಿರಲಿಲ್ಲ.

ಅವರ ನೆರೆಯವರು ಬಡಗರು. ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದ ಜನ ಎಂದು ಅವರ ಹಿರಿಯರೇ ಹೇಳುತ್ತಾರೆ. ಅವರ ಮಾತು ಕನ್ನಡಿಗರ ಕಿವಿಗೆ ಅರ್ಧಕ್ಕರ್ಧ ತಿಳಿಯುತ್ತದೆ. ಹೆತ್ತೆಯಮ್ಮನ ಹಬ್ಬದಲ್ಲಿ ಹಾಡು ಕೇಳಿದರೆ ಚಾಮರಾಜನಗರದ ಕಡೆಯವರಿಗೆ ಯಾವುದೋ ನೆಂಟರ ಮನೆಗೆ ಬಂದಂತಾಗುತ್ತದೆ. 1603ರಲ್ಲಿ ಕಲ್ಲಿಕೋಟೆ ಕಡೆಯಿಂದ ಹತ್ತಿಬಂದ ಪಾದ್ರಿ ಫೆನಿಚಿಯೋ ತೊದವರನ್ನೂ ಬಡಗರ ಹಳ್ಳಿಗಳನ್ನೂ ಕಂಡು ಬರೆದಿಟ್ಟ. ಬಡಗರು ಇಳಿಜಾರಿನಲ್ಲಿ ರಾಗಿ, ಸಾಮೆ ಬಿತ್ತಿದರು. ಬೆಳೆದದ್ದರಲ್ಲಿ ಒಂದು ಪಾಲನ್ನು ನೆಲದ ಹಿರಿಯರೆಂದು ತೊದವರಿಗೆ ಕೊಟ್ಟರು. ಕೋತರು ಕಬ್ಬಿಣ, ಮಡಕೆ ಮಾಡಿದರು. ಕುರುಂಬರು ಜೇನು ತಂದರು. ಆ ಬದುಕಿನಲ್ಲಿ ಜಗಳ, ಮೇಲುಕೀಳು ಇರಲಿಲ್ಲವೆಂದಲ್ಲ. ಆದರೆ ಕಣಿವೆಯ ತಳವನ್ನು ಬಸಿದು ಒಣಗಿಸುವ ಅಗತ್ಯ ಅಲ್ಲಿ ಯಾರಿಗೂ ಬೀಳಲಿಲ್ಲ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಬೆಟ್ಟವೂ ಕಂಪನಿಯ ಕೈ ಸೇರಿ ಕೊಯಮತ್ತೂರು ಜಿಲ್ಲೆಯ ಭಾಗವಾಯಿತು. ಇಪ್ಪತ್ತು ವರ್ಷ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. 1819ರಲ್ಲಿ ಕಲೆಕ್ಟರ್ ಜಾನ್ ಸಲ್ಲಿವನ್ ಮೇಲೆ ಹೋದ. ಅಲ್ಲಿಯ ತಂಪು ಅವನನ್ನು ಬಿಡಲೇ ಇಲ್ಲ. ತೊದವರ ಮಂದ್ ಇದ್ದ ಕಣಿವೆಯಲ್ಲಿ ನೆಲ ಕೊಂಡು 1822ರಲ್ಲಿ ಕಲ್ಲಿನ ಮನೆ ಕಟ್ಟಲು ಶುರುಮಾಡಿದ. ಊಟಿ ಹುಟ್ಟಿದ್ದು ಹಾಗೆ. 1823ರಿಂದ 1825ರ ನಡುವೆ ಕಣಿವೆಯ ತೊರೆಗಳಿಗೆ ಅಡ್ಡಗಟ್ಟಿ ಕೆರೆ ಮಾಡಿಸಿದ. ಇಂದು ಪ್ರವಾಸಿಗರು ದೋಣಿ ಹತ್ತುವ ಆ ಕೆರೆಯಡಿ ಮಲಗಿರುವುದು ಮೇಲಿನ ಬಯಲಿನ ಒಂದು ಕಣಿವೆಯ ತಳ. ಮುಂದೆ ಊರು ಬೆಳೆದಂತೆ ಕೆರೆಯ ಮೇಲ್ಭಾಗವನ್ನು ತುಂಬಿಸಿದರು. ಕುದುರೆ ರೇಸಿನ ಬಯಲು, ಬಸ್ ನಿಲ್ದಾಣ ಅಲ್ಲಿ ಬಂದವು. ಜೌಗು ಮೊದಲು ಕೆರೆಯಾಯಿತು, ಆಮೇಲೆ ಕೆರೆ ಬಯಲಾಯಿತು.

ಸಲ್ಲಿವನ್ ಬಗ್ಗೆ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ನೆಲ ತೊದವರದು, ಅದಕ್ಕೆ ಬೆಲೆ ಕೊಡಲೇಬೇಕು ಎಂದು ಸರ್ಕಾರದೊಂದಿಗೆ ವಾದಕ್ಕೆ ನಿಂತವನೂ ಅವನೇ. ಆ ವಾದ ನಿಲ್ಲಲಿಲ್ಲ. ಉಳುಮೆ ಇಲ್ಲದ, ಕಂದಾಯ ಹುಟ್ಟದ ನೆಲ ಸರ್ಕಾರಿ ಕಾಗದದಲ್ಲಿ ಪಾಳು ಎಂದೇ ದಾಖಲಾಯಿತು. ಹುಲ್ಲುಗಾವಲು ಪಾಳು, ಜೌಗು ಪಾಳಿಗಿಂತ ಪಾಳು. ಮುಂದಿನ ನೂರೈವತ್ತು ವರ್ಷಗಳ ಎಲ್ಲ ಅನಾಹುತವೂ ಆ ಒಂದು ಕಾಲಂನಿಂದ ಹುಟ್ಟಿದ್ದು ಎಂದು ನನಗೆ ಅನ್ನಿಸುತ್ತದೆ. ಸರ್ಕಾರ ಬದಲಾಯಿತು, ಧ್ವಜ ಬದಲಾಯಿತು. ಆ ಕಾಲಂ ಮಾತ್ರ ಹಾಗೇ ಉಳಿಯಿತು.

ಊಟಿಗೆ ಬಿಳಿಯರು ಬಂದ ಮೇಲೆ ಚಳಿ ಕಾಯಿಸಿಕೊಳ್ಳಲು ಉರುವಲು ಬೇಕಾಯಿತು. ಶೋಲಾ ಮರಗಳು ಬೇಗ ಮುಗಿದವು. ಪೀಟನ್ನೇ ಅಗೆದು ಒಣಗಿಸಿ ಒಲೆಗೆ ಹಾಕಿದ್ದೂ ಉಂಟು. ಐರ್ಲೆಂಡ್, ಸ್ಕಾಟ್ಲೆಂಡುಗಳಿಂದ ಬಂದವರಿಗೆ ಅದು ಹೊಸ ವಿದ್ಯೆಯಾಗಿರಲಿಲ್ಲ. ಆದರೆ ದೊಡ್ಡ ಬದಲಾವಣೆ ತಂದದ್ದು ಆಸ್ಟ್ರೇಲಿಯಾದ ಮರಗಳು. 1830ರ ದಶಕದಲ್ಲಿ ವಾಟಲ್ ಅಕೇಶಿಯ ಬಂತು, 1843ರಲ್ಲಿ ಬ್ಲೂ ಗಮ್, ಅಂದರೆ ನಾವು ನೀಲಗಿರಿ ಮರ ಎನ್ನುವುದು. ಬೇಗ ಬೆಳೆಯುತ್ತವೆ, ಚೆನ್ನಾಗಿ ಉರಿಯುತ್ತವೆ ಎಂದು ಊರ ಸುತ್ತ ನೆಟ್ಟರು. ಸ್ವಾತಂತ್ರ್ಯ ಬಂದ ಮೇಲೆ ಈ ಕೆಲಸ ನಿಲ್ಲಬಹುದಿತ್ತು; ಇನ್ನೂ ಹೆಚ್ಚಾಯಿತು. ಚರ್ಮ ಹದ ಮಾಡಲು ವಾಟಲ್ ತೊಗಟೆ ಬೇಕು, ಸಿರುಮುಗೈಯ ಸೌತ್ ಇಂಡಿಯಾ ವಿಸ್ಕೋಸ್ ಕಾರ್ಖಾನೆಗೆ ತಿರುಳು ಬೇಕು ಎಂದು ಅರಣ್ಯ ಇಲಾಖೆ ಗುಡ್ಡಗುಡ್ಡಗಳನ್ನೇ ಈ ಮರಗಳಿಗೆ ಕೊಟ್ಟಿತು. ಹುಲ್ಲುಗಾವಲಿನಲ್ಲಿ ಸಸಿ ನೆಟ್ಟವರಿಗೆ ಕಾಡು ಬೆಳೆಸುತ್ತಿದ್ದೇವೆಂಬ ಹೆಮ್ಮೆಯಿತ್ತು. ವನಮಹೋತ್ಸವದ ಕಾಲ ಅದು. ಹಸಿರು ಕಂಡರೆ ಸಾಕಿತ್ತು, ಅದು ಯಾವ ಹಸಿರು ಎಂದು ಕೇಳುವವರು ಕಡಿಮೆ.

ನೀರು ಮತ್ತೊಂದು ದಿಕ್ಕಿನಿಂದ ಹೊಡೆತ ಕೊಟ್ಟಿತು. ಪೈಕಾರ ಜಲವಿದ್ಯುತ್ 1932ರಲ್ಲಿ ಶುರುವಾಯಿತು, ಮುಕುರ್ತಿ ಅಣೆಕಟ್ಟು 1938ರಲ್ಲಿ. 1950ರ ದಶಕದಿಂದ ಕೊಲಂಬೊ ಯೋಜನೆಯಡಿ ಕೆನಡಾದ ನೆರವಿನಿಂದ ಕುಂದಾ ಯೋಜನೆ ಎದ್ದಿತು. ಅವಲಾಂಚ್, ಎಮರಾಲ್ಡ್, ಅಪ್ಪರ್ ಭವಾನಿ ಹೀಗೆ ಒಂದಾದ ಮೇಲೊಂದು ಜಲಾಶಯ. ಜಲಾಶಯ ಮುಳುಗಿಸುವುದು ಕಣಿವೆಯ ತಳವನ್ನೇ, ಪೀಟ್ ಕೂರುವುದೂ ಅಲ್ಲೇ. ಉಳಿದ ತಗ್ಗುಗಳಿಗೆ ತರಕಾರಿ ಇಳಿಯಿತು. ಮೈಸೂರು, ಬೆಂಗಳೂರು ಮಾರುಕಟ್ಟೆಗಳಲ್ಲಿ ಊಟಿ ಕ್ಯಾರೆಟ್ ಎಂದು ಕೂಗಿ ಮಾರುತ್ತಾರಲ್ಲ, ಅದರಲ್ಲಿ ಎಷ್ಟೋ ಬೆಳೆದದ್ದು ಈ ಕಪ್ಪು ನೆಲದಲ್ಲಿ. ಜೌಗಿನ ನಡುವೆ ಕಾಲುವೆ ತೋಡಿ ನೀರು ಬಸಿದರೆ ಗೊಬ್ಬರವೇ ಬೇಡವೆನ್ನುವಷ್ಟು ಸಾರವಾದ ಮಣ್ಣು ಸಿಗುತ್ತದೆ, ಕೆಲವು ವರ್ಷದ ಮಟ್ಟಿಗೆ. ರೈತನನ್ನು ದೂರುವಂತಿಲ್ಲ. ಆ ನೆಲ ಪಾಳೆಂದು ಬರೆದು ಅವನ ಕೈಗೆ ಕೊಟ್ಟದ್ದು ಸರ್ಕಾರ. ಎರಡು ದೇಶಗಳ ನಡುವಿನ 1964ರ ಒಪ್ಪಂದದ ಮೇಲೆ ಶ್ರೀಲಂಕಾದ ಚಹಾ ತೋಟಗಳಿಂದ ಮರಳಿ ಬಂದ ತಮಿಳು ಕಾರ್ಮಿಕರಿಗೂ ಇದೇ ಜಿಲ್ಲೆಯ ಬೆಟ್ಟಗಳಲ್ಲಿ ಸರ್ಕಾರಿ ಚಹಾ ತೋಟ ಎಬ್ಬಿಸಲಾಯಿತು. ಅವರಿಗೆ ಬದುಕು ಬೇಕಿತ್ತು. ಎಲ್ಲಿ ಕೊಡಬೇಕೆಂದು ನಿರ್ಧರಿಸಿದವರಿಗೆ ಮಾತ್ರ ಬೆಟ್ಟ ಖಾಲಿಯಾಗಿ ಕಂಡಿತ್ತು.

ಮರ ನೆಟ್ಟರೆ ನೀರು ಹೆಚ್ಚುತ್ತದೆ ಎಂಬ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದ್ದೂ ಇದೇ ಬೆಟ್ಟದಲ್ಲಿ. ಊಟಿಯ ಮಣ್ಣು-ನೀರು ಸಂರಕ್ಷಣಾ ಸಂಶೋಧನಾ ಕೇಂದ್ರದವರು ಗ್ಲೆನ್‌ಮಾರ್ಗನ್‌ನಲ್ಲಿ ಅಕ್ಕಪಕ್ಕದ ಎರಡು ಪುಟ್ಟ ಜಲಾನಯನಗಳನ್ನು ಆರಿಸಿಕೊಂಡರು. ಒಂದನ್ನು ಹುಲ್ಲು, ಶೋಲಾ, ಜೌಗಾಗಿಯೇ ಬಿಟ್ಟರು. ಇನ್ನೊಂದರ ಅರ್ಧಕ್ಕಿಂತ ಹೆಚ್ಚು ಭಾಗಕ್ಕೆ 1972ರಲ್ಲಿ ಬ್ಲೂ ಗಮ್ ಹಾಕಿದರು. ಎರಡರ ಬಾಯಲ್ಲೂ ಹರಿದುಹೋಗುವ ನೀರನ್ನು ವರ್ಷಗಟ್ಟಲೆ ಅಳೆದರು. ಮರ ಹಾಕಿದ ಕಡೆ ಮೊದಲ ಸುತ್ತಿನ ಹತ್ತು ವರ್ಷಗಳಲ್ಲಿ ನೀರು ಶೇಕಡಾ 16ರಷ್ಟು ಕುಸಿಯಿತು. ಕಡಿದು ಮತ್ತೆ ಚಿಗುರಿದ ಎರಡನೇ ಸುತ್ತಿನಲ್ಲಿ ಕುಸಿತ ಕಾಲು ಭಾಗಕ್ಕೆ ಏರಿತು. ಈ ಲೆಕ್ಕ ಅಣೆಕಟ್ಟಿನ ಎಂಜಿನಿಯರುಗಳಿಗೂ ಅರಣ್ಯಾಧಿಕಾರಿಗಳಿಗೂ ಒಟ್ಟಿಗೆ ಉತ್ತರ ಕೊಟ್ಟಂತಿತ್ತು. ಜಲಾಶಯ ತುಂಬಿಸಲು ಒಂದು ಇಲಾಖೆ ಹೆಣಗುತ್ತಿದ್ದಾಗ ಅದರ ಒರತೆಯನ್ನೇ ಇನ್ನೊಂದು ಇಲಾಖೆ ಮರಗಳಿಗೆ ಕುಡಿಸುತ್ತಿತ್ತು. ಪೈಕಾರದ ನೀರೇ ಮೋಯಾರ್ ಆಗಿ ಬಂಡೀಪುರದ ಅಂಚಿನಲ್ಲಿ ಹರಿದು, ಭವಾನಿಯನ್ನು ಕೂಡಿ, ಕಾವೇರಿಗೆ ಸೇರುತ್ತದೆ. ಕಾವೇರಿಗಾಗಿ ಎರಡು ರಾಜ್ಯಗಳು ಕೋರ್ಟಿನಲ್ಲಿ ನಿಂತ ವರ್ಷಗಳಲ್ಲಿ ಈ ಮೂಲದ ಮಾತು ಎಷ್ಟು ಕಡಿಮೆ ಕೇಳಿಬಂತು ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ.

ಇಷ್ಟರಲ್ಲಿ ಕೆಸರನ್ನು ಓದುವವರು ಬಂದಿದ್ದರು. ಲಖನೌದ ಬೀರ್‌ಬಲ್ ಸಾಹ್ನಿ ಸಂಸ್ಥೆಯ ವಿಷ್ಣು ಮಿತ್ರೆ ಮತ್ತು ಎಚ್. ಪಿ. ಗುಪ್ತ ನೀಲಗಿರಿಯ ಪೀಟಿನಿಂದ ಪರಾಗ ರೇಣುಗಳನ್ನು ಬಿಡಿಸಿ ಶೋಲಾ ಕಾಡಿನ ಹುಟ್ಟನ್ನು ಹುಡುಕಿದರು. ಪುದುಚೇರಿಯ ಫ್ರೆಂಚ್ ಸಂಸ್ಥೆಯವರು 1970ರ ದಶಕದಲ್ಲಿ ಅದೇ ಕೆಲಸ ಮುಂದುವರಿಸಿದರು. 1993ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಲೇಖನ ಬಂತು. ಬರೆದವರಲ್ಲಿ ಮೊದಲ ಹೆಸರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್, ಆನೆಗಳ ಅಧ್ಯಯನದಿಂದ ಲೋಕಕ್ಕೆ ಪರಿಚಿತರಾದವರು. ಅವರ ಜೊತೆ ಆರ್. ರಮೇಶ್, ಆರ್. ಕೆ. ಪಂತ್, ಜಿ. ರಾಜಗೋಪಾಲನ್. ಪೀಟ್ ತೆಗೆದದ್ದು ಊಟಿಗೆ ಹತ್ತಿರದ ಸ್ಯಾಂಡಿನಲ್ಲಾ ಕಣಿವೆಯಿಂದ.

ಅವರು ನೋಡಿದ್ದು ಇಂಗಾಲದ ಎರಡು ಬಗೆಯನ್ನು. ಗಿಡಗಳೆಲ್ಲ ಗಾಳಿಯಿಂದ ಇಂಗಾಲ ಹೀರುವುದು ಒಂದೇ ರೀತಿಯಲ್ಲಲ್ಲ. ಭತ್ತ, ಮರಗಳು, ತಂಪು-ತೇವ ಬಯಸುವ ಹುಲ್ಲುಗಳದು ಒಂದು ದಾರಿ. ರಾಗಿ, ಜೋಳ, ಕಬ್ಬು ಮತ್ತು ಒಣ ಬಯಲಿನ ಹುಲ್ಲುಗಳದು ಇನ್ನೊಂದು. ಭಾರದ ಇಂಗಾಲ ಎಷ್ಟು, ಹಗುರದ್ದು ಎಷ್ಟು ಎಂದು ಅಳೆದರೆ ಸತ್ತು ಸಾವಿರಾರು ವರ್ಷವಾದ ಗಿಡ ಯಾವ ದಾರಿಯದೆಂದು ಗೊತ್ತಾಗುತ್ತದೆ. ಕೆಸರಿನ ಒಂದು ಪದರದಲ್ಲಿ ಭತ್ತದ ಜಾತಿಯ ಗುರುತು ಹೆಚ್ಚಿದ್ದರೆ ಮಳೆ ಚೆನ್ನಾಗಿತ್ತು, ರಾಗಿಯ ಜಾತಿಯದು ಹೆಚ್ಚಿದ್ದರೆ ಒಣಗಿತ್ತು. ಹೀಗೆ ಓದಿದಾಗ ಮುಂಗಾರಿನ ಚರಿತ್ರೆ ಎದ್ದು ನಿಂತಿತು. ಸುಮಾರು ಇಪ್ಪತ್ತು ಸಾವಿರ ವರ್ಷ ಹಿಂದೆ, ಭೂಮಿಯ ಉತ್ತರ ಭಾಗ ಹಿಮದಲ್ಲಿ ಹೂತಿದ್ದಾಗ, ನೀಲಗಿರಿ ಒಣಗಿತ್ತು. ಹಿಮ ಕರಗುತ್ತ ಬಂದಂತೆ ಮಳೆ ಬಲವಾಯಿತು. ಸುಮಾರು ಆರು ಸಾವಿರದಿಂದ ಮೂರೂವರೆ ಸಾವಿರ ವರ್ಷ ಹಿಂದಿನ ನಡುವೆ ಮತ್ತೆ ಒಣಕಲು. ಸುಮಾರು ಆರುನೂರು ವರ್ಷ ಹಿಂದೆ ಒಂದಿಷ್ಟು ಕಾಲ ತೇವ ಹೆಚ್ಚಿತ್ತು. ಅದು ವಿಜಯನಗರದ ಮೊದಮೊದಲ ಕಾಲ. 1997ರಲ್ಲಿ ಅದೇ ಬಳಗ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಈ ದಾಖಲೆಯನ್ನು ನಲವತ್ತು ಸಾವಿರ ವರ್ಷಕ್ಕೆ ವಿಸ್ತರಿಸಿತು.

ನನಗೆ ಇದರಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಹುಲ್ಲುಗಾವಲಿನ ತೀರ್ಪು. ಬೆಟ್ಟದ ಮೇಲಿನ ಬೋಳು ಗುಡ್ಡಗಳು ಒಂದು ಕಾಲದ ಕಾಡೇ, ತೊದವರು ಬಡಗರು ಕಡಿದು ಸುಟ್ಟು ಹಾಳುಮಾಡಿದ್ದು ಎಂಬ ವಾದ ಬಹಳ ಕಾಲ ನಡೆದಿತ್ತು. ಮರ ನೆಡುವುದು ಆ ಹಾಳನ್ನು ಸರಿಪಡಿಸುವ ಪುಣ್ಯಕಾರ್ಯವೆಂದು ಅದರ ಬಲದಿಂದಲೇ ಹೇಳಲಾಗುತ್ತಿತ್ತು. ಕೆಸರು ಬೇರೆಯೇ ಸಾಕ್ಷಿ ಹೇಳಿತು. ಅಲ್ಲಿ ಎಮ್ಮೆ ಕಾಯುವವರು, ರಾಗಿ ಬಿತ್ತುವವರು ಬರುವುದಕ್ಕೆ ಎಷ್ಟೋ ಸಾವಿರ ವರ್ಷ ಮೊದಲೇ ಹುಲ್ಲು ಇತ್ತು. ತೊದವರ ಮೇಲಿನ ಆಪಾದನೆ ಸುಳ್ಳಾಯಿತು. ಅಷ್ಟರಲ್ಲಿ ಗುಡ್ಡಗಳ ಮೇಲೆ ವಾಟಲ್ ಬೇರೂರಿತ್ತು. ದಕ್ಷಿಣಕ್ಕಿರುವ ಪಳನಿ ಬೆಟ್ಟಗಳಲ್ಲಿ ನಾಲ್ಕು ದಶಕಗಳಲ್ಲಿ ಹುಲ್ಲುಗಾವಲಿನ ಮೂರರಲ್ಲಿ ಎರಡು ಭಾಗ ಕಳೆದುಹೋದದ್ದನ್ನು ಆಮೇಲೆ ಉಪಗ್ರಹ ಚಿತ್ರಗಳಿಂದ ಲೆಕ್ಕ ಹಾಕಿದರು.

ನಾನು ಇದನ್ನು ಬರೆಯುತ್ತಿರುವುದು ಟೆಕ್ಸಸ್‌ನ ಪ್ರಾಸ್ಪರ್‌ನಲ್ಲಿ ಕೂತು. ಇಂಥ ಕೆಸರು ಇಲ್ಲಿಯೂ ಇದೆ. ಇಲ್ಲಿಯ ಕನ್ನಡಿಗರಾದ ನಮ್ಮಲ್ಲಿ ಅನೇಕರು ಆಸ್ಟಿನ್‌ನಿಂದ ಹ್ಯೂಸ್ಟನ್‌ಗೆ 290ರ ಹೆದ್ದಾರಿಯಲ್ಲಿ ಹೋಗುತ್ತೇವೆ. ನಡುವೆ ಗಿಡಿಂಗ್ಸ್ ಎಂಬ ಊರು, ಲೀ ಕೌಂಟಿ. ಆ ಕೌಂಟಿಯ ಓಕ್ ಮರಗಳ ನಡುವೆ ಪುಟ್ಟ ಪುಟ್ಟ ಪೀಟ್ ಜೌಗುಗಳಿವೆಯೆಂದು ಕಾರಿನ ಕಿಟಕಿಯಿಂದ ತಿಳಿಯುವುದೇ ಇಲ್ಲ. 1943ರಲ್ಲಿ ಪಾಟ್ಸ್‌ಗರ್ ಮತ್ತು ಟೆಕ್ಸಸ್ ವಿಶ್ವವಿದ್ಯಾಲಯದ ಥಾರ್ಪ್ ಎಂಬ ಸಸ್ಯಶಾಸ್ತ್ರಜ್ಞರು ಟೆಕ್ಸಸ್ ಜೌಗಿನ ಕೆಸರಿನಲ್ಲಿ ಕೆನಡಾದ ಸ್ಪ್ರೂಸ್ ಮರದ ಪರಾಗ ಸಿಕ್ಕಿತೆಂದು ಸೈನ್ಸ್ ಪತ್ರಿಕೆಯಲ್ಲಿ ಬರೆದರು. 1977ರಲ್ಲಿ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ವಾನ್ ಬ್ರಯಂಟ್ ಲೀ ಕೌಂಟಿಯ ಬೋರಿಯಾಕ್ ಜೌಗಿನಿಂದ ಹದಿನಾರು ಸಾವಿರ ವರ್ಷಗಳ ಪರಾಗ ಚರಿತ್ರೆ ಬಿಡಿಸಿದರು. ಬೇಸಿಗೆಯಲ್ಲಿ ನೂರು ಡಿಗ್ರಿ ಫ್ಯಾರನ್‌ಹೀಟ್ ದಾಟುವ ನಾಡಿನಲ್ಲಿ ಒಮ್ಮೆ ಚಳಿನಾಡಿನ ಮರ ಇತ್ತು ಎಂಬುದಕ್ಕೆ ಸಾಕ್ಷಿ ಆ ಕೆಸರು. ಪ್ರಾಸ್ಪರ್ ಸುತ್ತಲಿನ ಕಪ್ಪು ನೆಲ ನಮ್ಮ ಉತ್ತರ ಕರ್ನಾಟಕದ ಎರೆಭೂಮಿಯ ಜಾತಿಯದೇ. ಅದರ ಮೇಲಿದ್ದ ಎತ್ತರದ ಹುಲ್ಲುಗಾವಲಿನಲ್ಲಿ ನೂರಕ್ಕೆ ಒಂದು ಭಾಗವೂ ಇಂದು ಉಳಿದಿಲ್ಲ. ಉಳಿದ ಚೂರನ್ನು ಹಂಟ್ ಕೌಂಟಿಯ ಕ್ಲೈಮರ್ ಮೆಡೋದಲ್ಲಿ ಬೇಲಿ ಹಾಕಿ, ಕಾಲಕಾಲಕ್ಕೆ ಬೆಂಕಿ ಕೊಟ್ಟು ಉಳಿಸಿಕೊಂಡಿದ್ದಾರೆ. ಬೆಂಕಿ ಕೊಟ್ಟು ಹುಲ್ಲು ಉಳಿಸುವ ವಿದ್ಯೆ ತೊದವರಿಗೆ ಗೊತ್ತಿತ್ತು; ಅರಣ್ಯ ಕಾನೂನು ಅದನ್ನು ಅಪರಾಧವೆಂದು ಎಣಿಸಿತು.

ಉಷ್ಣವಲಯದ ಪೀಟನ್ನು ಪಾಳೆಂದು ಕರೆದರೆ ಏನಾಗುತ್ತದೆಂಬುದನ್ನು ಜಗತ್ತು ಕಣ್ಣಾರೆ ಕಂಡದ್ದು ಇಂಡೊನೇಷ್ಯಾದಲ್ಲಿ. 1995ರ ಕೊನೆಗೆ ಅಧ್ಯಕ್ಷ ಸುಹಾರ್ತೋ ಮಧ್ಯ ಕಾಲಿಮಂತನ್‌ನ ಹತ್ತು ಲಕ್ಷ ಹೆಕ್ಟೇರ್ ಜೌಗು ಕಾಡನ್ನು ಭತ್ತದ ಗದ್ದೆ ಮಾಡಲು ಆಜ್ಞೆ ಹೊರಡಿಸಿದರು. ನಾಲ್ಕು ಸಾವಿರ ಕಿಲೋಮೀಟರಿಗೂ ಹೆಚ್ಚು ಕಾಲುವೆ ತೋಡಿದರು. ಕಾಲುವೆ ನೀರು ತರುವ ಬದಲು ಇದ್ದ ನೀರನ್ನು ನದಿಗೆ ಸಾಗಿಸಿತು. ಜಾವಾದಿಂದ ಕರೆತಂದು ನೆಲೆಸಿದ ಕುಟುಂಬಗಳಿಗೆ ಹುಳಿಮಣ್ಣಿನಲ್ಲಿ ಭತ್ತ ಬೆಳೆಯಲಿಲ್ಲ. 1997ರಲ್ಲಿ ಎಲ್ ನಿನೋ ಬರ ಬಂದಾಗ ಒಣಗಿದ ಪೀಟ್ ಹೊತ್ತಿಕೊಂಡಿತು. ಪೀಟಿನ ಬೆಂಕಿ ನೆಲದೊಳಗೆ ಹರಿಯುತ್ತದೆ. ಮೇಲೆ ಆರಿಸಿದರೆ ಕೆಳಗೆ ಉರಿಯುತ್ತದೆ. ಹೊಗೆ ಸಿಂಗಪುರ, ಮಲೇಷ್ಯಾಗಳನ್ನು ಮುಚ್ಚಿತು. ಆ ವರ್ಷ ಇಂಡೊನೇಷ್ಯಾದ ಪೀಟ್ ಬೆಂಕಿಯಿಂದ ಹೊರಬಿದ್ದ ಇಂಗಾಲ, ಇಡೀ ಜಗತ್ತು ಕಲ್ಲಿದ್ದಲು, ತೈಲ ಸುಟ್ಟು ಒಂದು ವರ್ಷದಲ್ಲಿ ಬಿಡುವುದರ ಶೇಕಡಾ 13ರಿಂದ 40ರಷ್ಟು ಎಂದು ಸೂಸನ್ ಪೇಜ್ ಮತ್ತು ಸಂಗಡಿಗರು 2002ರಲ್ಲಿ ಅಂದಾಜು ಮಾಡಿದರು. ಸುಹಾರ್ತೋ ಇಳಿದ ಮೇಲೆ ಯೋಜನೆ ಕೈಬಿಟ್ಟರು, ಕಾಲುವೆಗಳು ಉಳಿದವು. 2015ರಲ್ಲಿ ಮತ್ತೆ ಮಹಾ ಬೆಂಕಿ. ಮರುವರ್ಷ ಜನವರಿಯಲ್ಲಿ ಪೀಟ್ ಮರುಸ್ಥಾಪನೆಗೆಂದೇ ಒಂದು ಸರ್ಕಾರಿ ಸಂಸ್ಥೆ ಹುಟ್ಟಿ, ಕಾಲುವೆಗೆ ಅಡ್ಡ ಕಟ್ಟೆ ಹಾಕಿ ನೆಲವನ್ನು ಮತ್ತೆ ನೆನೆಸುವ ಕೆಲಸ ಶುರುವಾಯಿತು. ಆದರೂ 2020ರಲ್ಲಿ ಅದೇ 1995ರ ಯೋಜನೆಯ ನೆಲದಲ್ಲಿ ಹೊಸ ಆಹಾರ ಯೋಜನೆ ಘೋಷಣೆಯಾಯಿತು. ಮರೆವು ಇಷ್ಟು ಬೇಗ ಬರುತ್ತದೆ.

ನೀಲಗಿರಿಯ ಪೀಟ್ ಇಂಡೊನೇಷ್ಯಾದ್ದರ ಮುಂದೆ ತೀರಾ ಚಿಕ್ಕದು. ಕಾಂಗೋ ನದಿಯ ಬಯಲಿನಲ್ಲಿ 2017ರಲ್ಲಿ ನಕ್ಷೆಗೆ ಬಂದ ಪೀಟ್ ಒಂದೇ 1,45,500 ಚದರ ಕಿಲೋಮೀಟರ್. ಇಂಗಾಲದ ತೂಕದಲ್ಲಿ ನೀಲಗಿರಿಗೆ ಸ್ಥಾನವಿಲ್ಲ, ಅದರ ಬೆಲೆ ಬೇರೆಡೆ ಇದೆ: ಬೇಸಿಗೆಯಲ್ಲಿ ತೊರೆ ನಿಲ್ಲದಂತೆ ನೋಡಿಕೊಳ್ಳುವುದರಲ್ಲಿ, ಮುಂಗಾರಿನ ನೆನಪಿನಲ್ಲಿ, ತೊದವರ ಸೂರಿನಲ್ಲಿ. ದುರಸ್ತಿಯ ಕೆಲಸ ಅಲ್ಲಿ ಶುರುವಾಗಿದೆ. ಸರ್ಕಾರಿ ನೆಡುತೋಪಿನ ಹುಚ್ಚು ಇಳಿದಿದೆ. ಹೊರನಾಡಿನ ಗಿಡಗಳನ್ನು ತೆಗೆಯಬೇಕೆಂದು ಮದರಾಸು ಹೈಕೋರ್ಟ್ ಹೇಳಿದೆ. ಮುಕುರ್ತಿ ರಾಷ್ಟ್ರೀಯ ಉದ್ಯಾನದಲ್ಲಿ ಅರಣ್ಯ ಇಲಾಖೆ ವಾಟಲ್ ಕಡಿಸುತ್ತಿದೆ. ಕೋಟಗಿರಿಯ ಕೀಸ್ಟೋನ್ ಫೌಂಡೇಶನ್ ಹಳ್ಳಿಗಳ ಒರತೆ, ಜೌಗುಗಳ ಲೆಕ್ಕ ಇಟ್ಟು ಊರವರ ಜೊತೆ ಕೆಲಸ ಮಾಡುತ್ತದೆ. ಗಾಡ್ವಿನ್ ವಸಂತ್ ಬಾಸ್ಕೊ ಅಂಥವರು ಬೆಟ್ಟದ ಹುಲ್ಲುಗಳನ್ನೇ ಸಸಿಮಡಿಯಲ್ಲಿ ಬೆಳೆಸಿ ಮತ್ತೆ ನೆಡುತ್ತಿದ್ದಾರೆ; ಕಾಡು ಬೆಳೆಸುವುದಕ್ಕಿಂತ ಹುಲ್ಲು ಬೆಳೆಸುವುದು ಕಷ್ಟವೆಂದು ಆ ಕೆಲಸ ನೋಡಿದವರಿಗೆ ಗೊತ್ತು. ವಾಟಲ್ ಕಡಿದರೆ ಬುಡದಿಂದ ಚಿಗುರುತ್ತದೆ, ಬೀಜ ಮಣ್ಣಿನಲ್ಲಿ ದಶಕಗಟ್ಟಲೆ ಕಾಯುತ್ತದೆ, ಖಾಲಿಯಾದ ಜಾಗಕ್ಕೆ ಯುರೋಪಿನ ಮುಳ್ಳುಪೊದೆಗಳು ನುಗ್ಗುತ್ತವೆ. ಎಷ್ಟೋ ಕಡೆ ವಾಟಲ್ ನೆರಳಿನಲ್ಲೇ ಶೋಲಾ ಸಸಿಗಳು ಎದ್ದಿರುವುದರಿಂದ ಅಲ್ಲಿ ಕಡಿಯಬೇಕೇ ಬಿಡಬೇಕೇ ಎಂಬ ತಕರಾರೂ ಇದೆ, ಅದು ನ್ಯಾಯವಾದ ತಕರಾರು.

ಜೌಗಿನ ವಿಷಯದಲ್ಲಿ ಮಾತ್ರ ಅಂಥ ಗೊಂದಲವಿಲ್ಲ. ಕೊರಕಲು ಬಿದ್ದ ಕಡೆ ಕಲ್ಲು, ಮರದ ದಿಮ್ಮಿ ಅಡ್ಡ ಇಟ್ಟು ನೀರಿನ ಓಟ ತಡೆಯಬೇಕು. ತೋಡಿದ ಕಾಲುವೆ ಮುಚ್ಚಬೇಕು. ಅಂಚಿನ ಬ್ಲೂ ಗಮ್ ತೆಗೆಯಬೇಕು. ನೀರಿನ ಮಟ್ಟ ಮೇಲೆ ಬಂದರೆ ಜೊಂಡು ತಾನೇ ಬರುತ್ತದೆ. ತರಕಾರಿ ಬೆಳೆಯುವ ಕುಟುಂಬಕ್ಕೆ ಆ ನೆಲದ ಬದಲಿಗೆ ಬೇರೆ ಆದಾಯ ಸಿಗದೆ ಇದು ಆಗುವುದಿಲ್ಲ, ಆ ಹಣ ಸರ್ಕಾರದಿಂದಲೇ ಬರಬೇಕು. ನಮ್ಮ ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲೂ ಇದೇ ಪಾಠ ಬಂದಿದೆ. ರಾಮಪತ್ರೆ ಜಾತಿಯ ಮರಗಳು ಕೆಸರಿನಿಂದ ಮಂಡಿ ಬೇರು ಎತ್ತಿ ನಿಂತಿರುವ ಆ ಜೌಗು ಕಾಡುಗಳಲ್ಲಿ ಎಷ್ಟನ್ನೋ ಅಡಿಕೆ ತೋಟ, ಗದ್ದೆಗಳು ನುಂಗಿದವು. ಉಳಿದವು ಸಿಂಗಳೀಕಗಳಿಗಾಗಿ 2011ರಲ್ಲಿ ಘೋಷಿಸಿದ ಅಘನಾಶಿನಿ ಸಂರಕ್ಷಿತ ಪ್ರದೇಶದ ಆಸರೆಯಲ್ಲಿವೆ. ಸಿರಸಿಯ ಅರಣ್ಯ ಕಾಲೇಜಿನ ವಿಜ್ಞಾನಿಗಳು ಅಲ್ಲಿಯ ಮರಗಳ ಸಸಿ ಬೆಳೆಸಿ ನೆಡುವ ಕೆಲಸಕ್ಕೆ ಕೈಹಾಕಿದ್ದಾರೆ.

2024ರ ಜನವರಿ ಕೊನೆಗೆ ಭಾರತದ ಐದು ಜೌಗುಪ್ರದೇಶಗಳು ಅಂತರರಾಷ್ಟ್ರೀಯ ಮಹತ್ವದ ಜೌಗುಗಳ ರಾಮ್‌ಸಾರ್ ಪಟ್ಟಿ ಸೇರಿದವು. ಮೂರು ಕರ್ನಾಟಕದವು: ಅಂಕಸಮುದ್ರ, ಮಾಗಡಿ ಕೆರೆ, ಅಘನಾಶಿನಿ ಅಳಿವೆ. ಎರಡು ತಮಿಳುನಾಡಿನವು, ಅವುಗಳಲ್ಲಿ ಒಂದು ನೀಲಗಿರಿಯ ಕೋಟಗಿರಿ ಬಳಿಯ ಲಾಂಗ್‌ವುಡ್ ಶೋಲಾ. ಸುಕುಮಾರ್ ಬಳಗ ಪೀಟ್ ತೆಗೆದ ಸ್ಯಾಂಡಿನಲ್ಲಾ ಪಟ್ಟಿಯಲ್ಲಿಲ್ಲ. ಆ ಕಣಿವೆಯ ನೀರಿಗೆ ಅಡ್ಡಲಾಗಿ ಕಾಮರಾಜ ಸಾಗರ ಅಣೆಕಟ್ಟು ನಿಂತಿದೆ. ಮೇಲಿನ ಹುಲ್ಲಿನಲ್ಲಿ ಕುರಿ ತಳಿ ಸಂಶೋಧನಾ ಕೇಂದ್ರ ಇದೆ. ಕುರಿ ಮೇಯುವ ಆ ನೆಲದ ಒಡೆತನ ಈಗಲೂ ಸಾರ್ವಜನಿಕವೇ ಆದ್ದರಿಂದ ಯಾರನ್ನೂ ಎಬ್ಬಿಸದೆ, ಯಾರ ಹೊಲವನ್ನೂ ಕಸಿಯದೆ ಅಲ್ಲಿ ಉಳಿದ ಪೀಟಿಗೆ ಕಾನೂನಿನ ರಕ್ಷಣೆ ಕೊಡಬಹುದು. ಚೆನ್ನೈ ಮನಸ್ಸು ಮಾಡಬೇಕು. ಕಾವೇರಿ ನೀರು ಕುಡಿಯುವ ಬೆಂಗಳೂರೂ ಅದಕ್ಕಾಗಿ ಕೇಳಬೇಕು; ಆ ಕೆಸರನ್ನು ಓದಿ ಲೋಕಕ್ಕೆ ತಿಳಿಸಿದವರಲ್ಲಿ ಬೆಂಗಳೂರಿನವರೂ ಇದ್ದಾರೆ.